ಉಮ್ಮನ ಕೈಯ ನೀಲಿ ಕಲೆ

ಕಳೆದ ಶವ್ವಾಲ್ ತಿಂಗಳಲ್ಲಿ ನನ್ನ ಉಮ್ಮನ ಬಲಗೈಯಲ್ಲಿ, ಮೊಣಕೈಯ ಮಡಿಕೆಯಿಂದ ಮಣಿಕಟ್ಟಿನ ಸಮೀಪದವರೆಗೆ, ಒಂದು ನೀಲಿ ಕಲೆ ಮೂಡಿತ್ತು. ಮೊದಲ ದಿನ ಅದು ನೇರಳೆ ಹಣ್ಣಿನ ಬಣ್ಣದ್ದಾಗಿತ್ತು. ಕೆಲವು ದಿನಗಳಲ್ಲಿ ಹಸಿರಿಗೆ ತಿರುಗಿತು, ಅನಂತರ ಅರಿಶಿನ ಹಚ್ಚಿದಂತಾಯಿತು, ಎರಡು ವಾರ ಕಳೆಯುವಷ್ಟರಲ್ಲಿ ಮಾಯವಾಯಿತು. ಆದರೆ ಆ ಕಲೆ ಬಿದ್ದ ದಿನ ನನ್ನ ಬಾಯಿಂದ ಹೊರಟ ಮಾತು ಮಾತ್ರ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಇದನ್ನು ಬರೆಯಲು ಕುಳಿತಿರುವುದು ಆ ಮಾತಿನ ಕಾರಣದಿಂದ.

ಉಮ್ಮನಿಗೆ ಈಗ ಎಪ್ಪತ್ತೆರಡು ವರ್ಷ. ಸಕ್ಕರೆ ಕಾಯಿಲೆ ಹಳೆಯದು, ರಕ್ತದೊತ್ತಡವೂ ಇದೆ. ಎರಡು ವರ್ಷಗಳ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳೂ ಸೇರಿಕೊಂಡಿವೆ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಈ ಕೆಲಸವನ್ನೆಲ್ಲ ಇಷ್ಟು ದಿನ ನೋಡಿಕೊಳ್ಳುತ್ತಿದ್ದವನು ನನ್ನ ತಮ್ಮ. ಅವನು ಈದ್ ಮುಗಿಸಿ ದಮ್ಮಾಮಿಗೆ ಮರಳಿದ ಕಾರಣ ಆ ಸಲದ ಸರದಿ ನನ್ನ ಪಾಲಿಗೆ ಬಂತು. ಮದ್ರಸದಲ್ಲಿ ಉಪವಾಸದ ಅಧ್ಯಾಯವನ್ನು ಇಪ್ಪತ್ತು ವರ್ಷಗಳಿಂದ ಕಲಿಸುತ್ತಿರುವ ನಾನು, ಅಂದು ಎಡವಿದ್ದು 'ಉಪವಾಸ' ಎಂಬ ಶಬ್ದದಲ್ಲಿಯೇ.

ಹಿಂದಿನ ದಿನ ಲ್ಯಾಬಿಗೆ ಫೋನ್ ಮಾಡಿದಾಗ, "ನಾಳೆ ಬೆಳಿಗ್ಗೆ ಉಪವಾಸದಲ್ಲಿ ಕರೆದುಕೊಂಡು ಬನ್ನಿ" ಎಂದರು. ನಾನು ಅದನ್ನು ಹಾಗೆಯೇ ಉಮ್ಮನ ಕಿವಿಗೆ ಮುಟ್ಟಿಸಿದೆ. ಅವರಿಗೆ ಸಂತೋಷವೇ ಆಯಿತು.

"ಅಲ್ಹಮ್ದುಲಿಲ್ಲಾಹ್, ಹೇಗೂ ನಾಳೆ ಶವ್ವಾಲಿನ ಐದನೆಯ ಉಪವಾಸ. ಒಂದೇ ಉಪವಾಸದಲ್ಲಿ ಎರಡು ಕೆಲಸ ಆಯಿತಲ್ಲ ಮೋನೇ" ಎಂದರು.

ನಾನೂ ನಕ್ಕು ಸುಮ್ಮನಾದೆ. ನಾಲ್ಕೂವರೆಗೆ ಸಹರಿ ಮಾಡಿದರು. ಎರಡು ಪತ್ತಿರಿ, ಸ್ವಲ್ಪ ಸಾರು, ಒಂದು ಲೋಟ ಸಿಹಿಯಿಲ್ಲದ ಚಹಾ. ಅಲ್ಲಿಂದ ಮುಂದೆ ನಮ್ಮ ಉಪವಾಸದ ನಿಯಮದಂತೆ ಒಂದು ಹನಿ ನೀರೂ ಇಲ್ಲ. ಲ್ಯಾಬಿನವರು ಕೇಳಿದ ಉಪವಾಸವೇ ಬೇರೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅವರಿಗೆ ಬೇಕಾಗಿದ್ದುದು ಕನಿಷ್ಠ ಎಂಟು ಗಂಟೆ ಖಾಲಿಯಿದ್ದ ಹೊಟ್ಟೆ, ಆದರೆ ನೀರು ಕುಡಿದ ದೇಹ. ನಾವು ಒಯ್ದದ್ದು ಅದಕ್ಕೆ ತೀರಾ ವಿರುದ್ಧವಾದದ್ದು: ಐದಾರು ಗಂಟೆಗಳ ಹಿಂದೆಯಷ್ಟೇ ಉಂಡ ಹೊಟ್ಟೆ, ನೀರಿಲ್ಲದೆ ಒಣಗಿದ ರಕ್ತನಾಳ. ನೀರು ಕಡಿಮೆಯಾದ ದೇಹದಲ್ಲಿ ರಕ್ತನಾಳಗಳು ಸೊರಗಿ ಒಳಸರಿಯುತ್ತವೆ. ವೃದ್ಧರಲ್ಲಿ ಅವು ಮೊದಲೇ ತೆಳ್ಳಗಿರುತ್ತವೆ, ಸುತ್ತಲಿನ ಮಾಂಸದ ಆಸರೆ ಸಡಿಲವಾಗಿರುವುದರಿಂದ ಸೂಜಿ ತಾಗಿದಾಗ ಪಕ್ಕಕ್ಕೆ ಜಾರುತ್ತವೆ. ಇದನ್ನೆಲ್ಲ ನಾನು ಕಲಿತದ್ದು ಆಮೇಲೆ.

ಲ್ಯಾಬಿನಲ್ಲಿ ನಮ್ಮ ಮುಂದೆ ಇಪ್ಪತ್ತಕ್ಕೂ ಹೆಚ್ಚು ಟೋಕನ್‌ಗಳಿದ್ದವು. ಎಂಟು ಗಂಟೆಗೆ ಹೋದವರಿಗೆ ಒಳಗೆ ಕರೆ ಬಂದದ್ದು ಹತ್ತು ದಾಟಿದ ಮೇಲೆ. ಕೋಣೆಯಲ್ಲಿ ಎ.ಸಿ. ಚಳಿ. ರಕ್ತ ತೆಗೆಯಲು ಒಬ್ಬಳೇ ಹುಡುಗಿ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸಿರಬೇಕು. ಉಮ್ಮನ ಬುರ್ಖಾದ ತೋಳು ಬಿಗಿಯಾಗಿತ್ತು. ಅದನ್ನು ಮೇಲಕ್ಕೆ ಸರಿಸಿದಾಗ ಅದು ಅಲ್ಲಿಯೇ ಕಚ್ಚಿಕೊಂಡಿತು. ಅದರ ಕೆಳಗೆ ಅವಳು ರಬ್ಬರ್ ಪಟ್ಟಿ ಬಿಗಿದಳು. ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಸೂಜಿ ಚುಚ್ಚಿದಳು. ಬರಲಿಲ್ಲ. ಚುಚ್ಚಿದಲ್ಲಿಯೇ ಸ್ವಲ್ಪ ಅತ್ತ ಇತ್ತ ಸರಿಸಿದಳು. ಉಮ್ಮ ಕಣ್ಣು ಮುಚ್ಚಿ ಏನೋ ಓದುತ್ತಿದ್ದರು. ಪಟ್ಟಿ ಬಿಗಿದಂತೆಯೇ ಇತ್ತು.

ನಾನು ತಿಳಿದವನಂತೆ, "ಉಮ್ಮಾ, ಮುಷ್ಟಿ ಬಿಗಿಹಿಡಿದು ಬಿಡಿ, ಮತ್ತೆ ಬಿಗಿಹಿಡಿಯಿರಿ, ಹಾಂ, ಇನ್ನೂ ಜೋರಾಗಿ" ಎಂದೆ. ಸಿನಿಮಾದಲ್ಲಿ ಕಂಡದ್ದೋ, ಯಾರೋ ಹೇಳಿದ್ದೋ, ಅಂತೂ ರಕ್ತ ತೆಗೆಯುವಾಗ ಹಾಗೆ ಮಾಡಬೇಕೆಂಬುದು ನನ್ನ ತಿಳಿವಳಿಕೆಯಾಗಿತ್ತು.

ಎರಡನೆಯ ಬಾರಿಯೂ ಸಿಗಲಿಲ್ಲ. ಆಗ ನಾನು ಆ ಹುಡುಗಿಗೆ ಹೇಳಿದೆ, ಹೊರಗೆ ಕುಳಿತವರಿಗೂ ಕೇಳಿಸುವಂತೆ: "ಕೆಲಸ ಬಾರದವರನ್ನು ಯಾಕೆ ಇಲ್ಲಿ ಕೂರಿಸಿದ್ದಾರೆ? ನನ್ನ ಉಮ್ಮನ ಕೈ ಏನು ನೀವು ಬರೆದು ಕಲಿಯುವ ಸ್ಲೇಟೇ?"

ತಲೆಯ ಮೇಲೆ ಟೊಪ್ಪಿ, ಮುಖದಲ್ಲಿ ಗಡ್ಡ, ಊರಿನವರು ಉಸ್ತಾದ್ ಎಂದು ಕರೆಯುವ ಮನುಷ್ಯ. ಹುಡುಗಿ ತಲೆ ಎತ್ತಲಿಲ್ಲ. ಅವಳ ಕೈ ನಡುಗುತ್ತಿದ್ದುದು ನನಗೆ ಕಾಣಿಸಿತು, ಆದರೂ ನಾನು ತಣ್ಣಗಾಗಲಿಲ್ಲ. ಉಮ್ಮನೇ ಎಡಗೈಯಿಂದ ಅವಳ ತೋಳು ತಟ್ಟಿ, "ನೀನು ನಿಧಾನಕ್ಕೆ ತೆಗಿ ಮಗಳೇ" ಎಂದರು. ಮೂರನೆಯ ಬಾರಿ ಮುಂಗೈಯ ಹಿಂಭಾಗದಲ್ಲಿ, ಅತಿ ಸಣ್ಣ ಸೂಜಿಯಿಂದ, ಸಿರಿಂಜ್‌ನಲ್ಲಿ ಎಳೆದೆಳೆದು ರಕ್ತ ತೆಗೆದಳು. ಅದನ್ನು ಅವಸರದಲ್ಲಿ ಸೂಜಿಯ ಮೂಲಕವೇ ಬೇರೆ ಬೇರೆ ಮುಚ್ಚಳದ ನಳಿಕೆಗಳಿಗೆ ಒತ್ತಿ ತುಂಬಿದಳು. ಚುಚ್ಚಿದ ಜಾಗಗಳಿಗೆ ಹತ್ತಿ ಇಟ್ಟು ಕೈ ಮಡಚಿಕೊಳ್ಳಲು ಹೇಳಿದಳು. ಉಮ್ಮ ಮಡಚಿಕೊಂಡರು. ನಾನು ಬುರ್ಖಾದ ತೋಳನ್ನು ಕೆಳಕ್ಕೆಳೆದು ಅವರನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟೆ. ರಕ್ತ ತೆಳುವಾಗಿಸುವ ಮಾತ್ರೆಯ ವಿಷಯ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಗ್ರಿಬ್‌ನ ಹೊತ್ತಿಗೆ ಉಮ್ಮ ಎಂದಿನಂತೆ ಖರ್ಜೂರದಿಂದ ಉಪವಾಸ ತೊರೆದು ಎಳನೀರು ಕುಡಿದರು. ವುಝೂ ಮಾಡಲು ತೋಳು ಮೇಲೆತ್ತಿದಾಗ ಮೊಣಕೈಯ ಒಳಭಾಗ ಊದಿ ಕಪ್ಪಿಟ್ಟಿತ್ತು. ನಮಾಝ್ ಮುಗಿಸಿ ಅದಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡುತ್ತಿದ್ದೆವು. ಅಷ್ಟರಲ್ಲಿ ಲ್ಯಾಬಿನಿಂದ ಫೋನ್ ಬಂತು. ಪೊಟ್ಯಾಸಿಯಂ 6.6 ಇದೆ, ಕೂಡಲೇ ವೈದ್ಯರನ್ನು ಕಾಣಿ ಎಂದರು.

ಪೊಟ್ಯಾಸಿಯಂ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ವೈದ್ಯರಿಗೆ ಫೋನ್ ಮಾಡಿದೆ. ಅದು ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸಿನಲ್ಲಿರಬೇಕು, ಆರೂವರೆ ದಾಟಿದರೆ ಹೃದಯದ ಬಡಿತವೇ ತಪ್ಪಿಹೋಗಬಹುದು, ಉಮ್ಮ ರಕ್ತದೊತ್ತಡಕ್ಕೆ ನುಂಗುವ ಟೆಲ್ಮಿಸಾರ್ಟನ್ ಕೂಡ ಅದನ್ನು ಏರಿಸಬಲ್ಲದು, ತಡಮಾಡದೆ ಮಂಗಳೂರಿಗೆ ಕರೆದೊಯ್ಯಿರಿ ಎಂದರು. ನೆರೆಮನೆಯವರ ಕಾರಿನಲ್ಲಿ ಹೊರಟೆವು. ನಲವತ್ತು ಕಿಲೋಮೀಟರ್ ದಾರಿ. ಹಿಂದಿನ ಸೀಟಿನಲ್ಲಿ ಉಮ್ಮನ ತಲೆ ನನ್ನ ಪತ್ನಿಯ ಭುಜದ ಮೇಲಿತ್ತು. ಅವರು ಮಾತಾಡದೆ ಕುಳಿತಾಗಲೆಲ್ಲ ನಾನು ತಿರುಗಿ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದೆ. ಬಾಯಿ ದುಆ ಹೇಳುತ್ತಿತ್ತು, ಮನಸ್ಸು ತಮ್ಮನಿಗೆ ಹೇಗೆ ತಿಳಿಸಲಿ ಎಂದು ವಾಕ್ಯ ಜೋಡಿಸುತ್ತಿತ್ತು.

ತುರ್ತು ವಿಭಾಗದಲ್ಲಿದ್ದ ವೈದ್ಯೆ ಮೊದಲು ಇಸಿಜಿ ಮಾಡಿಸಿದರು. ಅದರಲ್ಲಿ ಏನೂ ತೊಂದರೆ ಕಾಣಲಿಲ್ಲ. ಅನಂತರ ಉಮ್ಮನ ಕೈಯ ಕಲೆಯನ್ನು ಬಹಳ ಹೊತ್ತು ನೋಡಿ, "ಬೆಳಿಗ್ಗೆ ರಕ್ತ ತೆಗೆಯುವಾಗ ತುಂಬಾ ಕಷ್ಟವಾಯಿತೇ? ಎಷ್ಟು ಸಲ ಚುಚ್ಚಿದರು? ಮುಷ್ಟಿ ಬಿಗಿಹಿಡಿಸಿದ್ದರೇ?" ಎಂದು ಕೇಳಿದರು. ಮೂರನೆಯ ಪ್ರಶ್ನೆಗೆ ಉತ್ತರಿಸಬೇಕಾದವನು ನಾನು. ಉತ್ತರಿಸಿದೆ. "ಔಷಧಿ ಕೊಡುವ ಮೊದಲು ಇನ್ನೊಮ್ಮೆ ರಕ್ತ ನೋಡೋಣ" ಎಂದರು.

ಈ ಬಾರಿ ಬಂದವರು ನಡುವಯಸ್ಸು ದಾಟಿದ ಪುರುಷ ನರ್ಸ್, ಆಸ್ಪತ್ರೆಗಳಲ್ಲಿ 'ಬ್ರದರ್' ಎಂದು ಕರೆಯುತ್ತಾರಲ್ಲ, ಅವರು. "ನಿಮ್ಮ ಹೆಸರೇನಮ್ಮ?" ಎಂದು ಉಮ್ಮನನ್ನೇ ಕೇಳಿದರು. ಹಿಂದೆ ರಕ್ತ ತೆಗೆಯುವಾಗ ತಲೆ ಸುತ್ತಿದ್ದುಂಟೇ, ಯಾವ ಕೈಯಲ್ಲಿ ಸಲೀಸಾಗಿ ಸಿಗುತ್ತದೆ, ಯಾವ ಮಾತ್ರೆಗಳಿವೆ ಎಂದು ವಿಚಾರಿಸಿದರು. ಮಲಗಿಸಿ ಎಡಗೈಯನ್ನು ಮಂಚದಿಂದ ಕೆಳಕ್ಕೆ ಇಳಿಬಿಟ್ಟರು, ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೊಣಕೈಗೆ ಸುತ್ತಿ ಐದು ನಿಮಿಷ ಬಿಟ್ಟರು. ಐದು ನಿಮಿಷ ಏನೂ ಮಾಡದೆ ನಿಂತರು! ನನಗೆ ಆ ನಿಲುವೇ ಹೊಸದಾಗಿ ಕಂಡಿತು. ಆಮೇಲೆ ಪಟ್ಟಿ ಕಟ್ಟಿ, ಸ್ಪಿರಿಟ್ ಒರೆಸಿ, ಅದು ಒಣಗುವವರೆಗೆ ಕಾದು, ಒಂದೇ ಬಾರಿಗೆ ಚುಚ್ಚಿದರು. ನಳಿಕೆಗೆ ರಕ್ತ ಹರಿಯುತ್ತಿದ್ದಂತೆ ಪಟ್ಟಿ ಸಡಿಲಿಸಿದರು. ಮುಷ್ಟಿಯ ಮಾತೇ ಬರಲಿಲ್ಲ. ಸೂಜಿ ತೆಗೆದ ಮೇಲೆ ಕೈಯನ್ನು ನೇರವಾಗಿ ಚಾಚಿಸಿ, ಹತ್ತಿಯ ಮೇಲೆ ತಾವೇ ಐದು ನಿಮಿಷ ಒತ್ತಿ ಹಿಡಿದರು. ಉಮ್ಮನ ಎದುರಿನಲ್ಲಿಯೇ ನಳಿಕೆಯ ಮೇಲೆ ಹೆಸರು ಬರೆದರು.

ಅವರು ಹೋದ ಬಳಿಕ ಉಮ್ಮ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು: "ಮೋನೇ, ನಾನು ಇಶಾ ನಮಾಝ್‌ಗೆಂದು ವುಝೂ ಉಳಿಸಿಕೊಂಡಿದ್ದೆ. ಅವರು ಕೈ ಹಿಡಿದರಲ್ಲ, ಹೋಯಿತಾ?" ಹೃದಯ ನಿಂತೀತು ಎಂದು ನಾವು ಹೆದರಿ ಓಡಿಬಂದ ರಾತ್ರಿ ಅವರ ಚಿಂತೆ ಅದು. ನಮ್ಮ ಶಾಫಿಈ ಮದ್‌ಹಬ್‌ನಂತೆ ಚರ್ಮಕ್ಕೆ ಚರ್ಮ ತಾಗಿದರೆ ಮಾತ್ರ ವುಝೂ ಹೋಗುತ್ತದೆ, ಅವರು ಕೈಗವಸು ಹಾಕಿದ್ದರು, ಚುಚ್ಚಿದ ಜಾಗದಿಂದ ರಕ್ತ ಬಂದುದರಿಂದಲೂ ಹೋಗುವುದಿಲ್ಲ ಎಂದೆ. ಆ ದಿನ ನಾನು ಸರಿಯಾಗಿ ಹೇಳಿದ ಮಾತು ಬಹುಶಃ ಇದೊಂದೇ.

ಒಂದು ಗಂಟೆಯ ಬಳಿಕ ಫಲಿತಾಂಶ ಬಂತು. ಪೊಟ್ಯಾಸಿಯಂ 4.4.

ಮುಂದಿನ ಶುಕ್ರವಾರ ಜುಮುಅ ಮುಗಿದ ಮೇಲೆ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದ. ಒಂದು ಕಾಲದಲ್ಲಿ ನನ್ನ ಮುಂದೆ ಕುಳಿತು ತಜ್ವೀದ್ ಕಲಿತ ಹುಡುಗ. ಈಗ ಪ್ರಯೋಗಾಲಯದ ತಂತ್ರಜ್ಞ. ಉಮ್ಮನನ್ನು ನೋಡಲು ಬಂದವನನ್ನು ನಾನು ಎರಡು ಗಂಟೆ ಕೂರಿಸಿಕೊಂಡೆ. ಅಂದು ಅವನು ಉಸ್ತಾದ್, ನಾನು ವಿದ್ಯಾರ್ಥಿ.

ಕೆಂಪು ರಕ್ತಕಣದ ಒಳಗೆ ಹೊರಗಿನ ದ್ರವಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿ ಪೊಟ್ಯಾಸಿಯಂ ಇರುತ್ತದೆಯಂತೆ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ, ಸೂಜಿಯ ಮೂಲಕವೇ ನಳಿಕೆಗೆ ರಭಸದಿಂದ ಒತ್ತಿದರೆ, ನಳಿಕೆಯನ್ನು ಮೆಲ್ಲನೆ ತಿರುಗಿಸುವ ಬದಲು ಕುಲುಕಿದರೆ, ಚರ್ಮದ ಮೇಲಿನ ಸ್ಪಿರಿಟ್ ಒಣಗದೆ ರಕ್ತಕ್ಕೆ ಬೆರೆತರೆ, ಆ ಕಣಗಳು ಒಡೆಯುತ್ತವೆ. ಒಡೆದ ಕಣಗಳ ಪೊಟ್ಯಾಸಿಯಂ ಸೋರಿ ವರದಿಯಲ್ಲಿ ಏರಿಕೆಯಾಗಿ ಕಾಣಿಸುತ್ತದೆ. ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಗಿದಿಟ್ಟರೆ ನೀರಿನಂಶ ರಕ್ತನಾಳದಿಂದ ಹೊರಗೆ ಜಿನುಗಿ, ಉಳಿದ ರಕ್ತ ಗಟ್ಟಿಯಾಗಿ, ಪ್ರೊಟೀನ್, ಕ್ಯಾಲ್ಸಿಯಂ ಮುಂತಾದವುಗಳ ಲೆಕ್ಕ ತಪ್ಪುತ್ತದೆ. ಪಟ್ಟಿ ಬಿಗಿದಿರುವಾಗ ಮುಷ್ಟಿಯನ್ನು ಪದೇ ಪದೇ ಬಿಗಿದು ಬಿಟ್ಟರೆ ಕೈಯ ಸ್ನಾಯುಗಳಿಂದಲೂ ಪೊಟ್ಯಾಸಿಯಂ ಹೊರಬರುತ್ತದೆ.

"ಅಂದರೆ ನಾನು ಉಮ್ಮನ ಕೈಯಿಂದ ಹಿಂಡಿಸಿದ್ದು ಅದನ್ನೇ?" ಎಂದು ಕೇಳಿದೆ.

"ಉಸ್ತಾದ್, ಎರಡೂ ಸೇರಿರಬಹುದು" ಎಂದ. ಶಿಷ್ಯರು ಗುರುಗಳಿಗೆ ಸತ್ಯ ಹೇಳುವಾಗ ಹೀಗೆ ಸ್ವಲ್ಪ ಮೆದುವಾಗಿಯೇ ಹೇಳುತ್ತಾರೆ.

ಸಕ್ಕರೆಯ ವರದಿಯೂ ನಂಬುವಂತಿರಲಿಲ್ಲ. ಸಹರಿಯ ಪತ್ತಿರಿ ಅದರಲ್ಲಿ ಸೇರಿಕೊಂಡಿತ್ತು. ಆ ಅಂಕಿಯನ್ನು ನಂಬಿ ಮಾತ್ರೆಯ ಪ್ರಮಾಣ ಹೆಚ್ಚಿಸಿದ್ದರೆ, ಉಪವಾಸ ಹಿಡಿಯುವ ವೃದ್ಧೆಗೆ ಸಕ್ಕರೆ ಕುಸಿದು ಏನಾಗುತ್ತಿತ್ತೋ. ರಮಝಾನಿನಲ್ಲಿ ಪರೀಕ್ಷೆ ಬೇಕಾದರೆ ಸಹರಿಯಿಂದ ಎಂಟು ಗಂಟೆ ಲೆಕ್ಕ ಹಾಕಿ ಮಧ್ಯಾಹ್ನದ ನಂತರ ಹೋಗಬೇಕೆಂದು ಅವನು ಹೇಳಿದ. ಆದರೆ ಆ ಹೊತ್ತಿಗೆ ದೇಹದಲ್ಲಿ ನೀರು ಕಡಿಮೆಯಾಗಿರುತ್ತದೆ. ತುರ್ತಿಲ್ಲದ ಪರೀಕ್ಷೆಗೆ ವೈದ್ಯರನ್ನು ಕೇಳಿ ಬೇರೆ ದಿನ ನೋಡಿಕೊಳ್ಳುವುದೇ ಮೇಲು. ಉಪವಾಸಿಗರಿಂದ ರಕ್ತ ತೆಗೆದರೆ ಉಪವಾಸ ಮುರಿಯುತ್ತದೆಯೇ ಎಂದು ನಮ್ಮಲ್ಲಿ ಅನೇಕರು ಕೇಳುತ್ತಾರೆ. ಹಿಜಾಮದ ವಿಷಯದಲ್ಲಿ ಹಂಬಲೀ ವಿದ್ವಾಂಸರು ಮುರಿಯುತ್ತದೆ ಎಂದರೆ, ಶಾಫಿಈ, ಹನಫೀ, ಮಾಲಿಕೀ ವಿದ್ವಾಂಸರು ಮುರಿಯುವುದಿಲ್ಲ ಎಂದಿದ್ದಾರೆ. ಪರೀಕ್ಷೆಗೆ ತೆಗೆಯುವ ಸ್ವಲ್ಪ ರಕ್ತ ಅದಕ್ಕಿಂತಲೂ ಹಗುರವಾದ ವಿಷಯ. ಆದರೆ ಅನಸ್(ರ) ಅವರಲ್ಲಿ ಇದೇ ಪ್ರಶ್ನೆ ಕೇಳಿದಾಗ, ಬಲಹೀನತೆ ಉಂಟಾಗುವ ಕಾರಣಕ್ಕಷ್ಟೇ ತಾವು ಅದನ್ನು ಇಷ್ಟಪಡುತ್ತಿರಲಿಲ್ಲ ಎಂಬರ್ಥದ ಉತ್ತರ ಕೊಟ್ಟರೆಂದು ಬುಖಾರಿಯಲ್ಲಿದೆ. ನಾನು ಈ ವರದಿಯನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಪ್ರತಿ ಬಾರಿಯೂ ಉಪವಾಸ ಮುರಿಯುತ್ತದೆಯೋ ಇಲ್ಲವೋ ಎಂಬಲ್ಲಿಗೆ ಪಾಠ ಮುಗಿಯುತ್ತಿತ್ತು. ಆ ಬಲಹೀನತೆ ಎಂಬ ಪದದ ಬಳಿ ಒಮ್ಮೆಯೂ ನಿಲ್ಲಲಿಲ್ಲ.

ಆಡುಮಾತಿನಲ್ಲಿ ನಾವು ರಕ್ತನಾಳಕ್ಕೂ 'ನರ' ಎನ್ನುತ್ತೇವೆ, ಮಿದುಳಿನಿಂದ ಬರುವ ಸಂವೇದನೆಯ ತಂತುವಿಗೂ 'ನರ' ಎನ್ನುತ್ತೇವೆ. ಕನ್ನಡ ಓದಿದವನಾದ ನನಗೆ ಇದು ಬರೀ ಪದದ ಗೊಂದಲವಾಗಿ ಕಂಡಿತ್ತು. ಮೊಣಕೈಯ ಮಡಿಕೆಯಲ್ಲಿ ಎರಡೂ ಅಕ್ಕಪಕ್ಕದಲ್ಲಿವೆ. ಸೂಜಿ ನಿಜವಾದ ನರಕ್ಕೆ ತಾಗಿದರೆ ವಿದ್ಯುತ್ ಹೊಡೆದಂತೆ ಬೆರಳಿನವರೆಗೆ ನೋವು ಹರಿಯುತ್ತದೆ. ಆಗ ಸಹಿಸಿಕೊಂಡು ಕುಳಿತಿರುವುದು ಸಬ್ರ್ ಅಲ್ಲ, ಕೂಡಲೇ ಹೇಳಬೇಕು, ಸೂಜಿಯನ್ನು ಹೊರತೆಗೆಯಬೇಕು. ನಮ್ಮ ಹಿರಿಯ ಹೆಂಗಸರು ಇಂತಹ ಕಡೆ ತುಟಿ ಕಚ್ಚಿ ಸುಮ್ಮನಿರುತ್ತಾರೆ. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳದ ಗ್ರಂಥಿಗಳನ್ನು ತೆಗೆಸಿಕೊಂಡವರು ಆ ಬದಿಯ ಕೈಯನ್ನು ಕೊಡಬಾರದು, ಡಯಾಲಿಸಿಸ್‌ಗಾಗಿ ಫಿಸ್ಟುಲಾ ಮಾಡಿಸಿಕೊಂಡವರು ಆ ಕೈಯನ್ನು ಕೊಡಬಾರದು. ಸಂಕೋಚದಿಂದ ಹೇಳದೆ ಉಳಿದರೆ ಎದುರಿನವರಿಗೆ ಗೊತ್ತಾಗುವುದಾದರೂ ಹೇಗೆ? ಡ್ರಿಪ್ ಹೋಗುತ್ತಿರುವ ಕೈಯಿಂದ ತೆಗೆದ ರಕ್ತದಲ್ಲಿ ಡ್ರಿಪ್‌ನ ನೀರೂ ಗ್ಲೂಕೋಸೂ ಬೆರೆತು ವರದಿ ಹಾಳಾಗುತ್ತದೆ ಎಂಬುದೂ ಅವನು ಹೇಳಿದ ಮಾತೇ.

ಎಲ್ಲಕ್ಕಿಂತ ಹೆಚ್ಚಾಗಿ ಅವನು ಒತ್ತಿ ಹೇಳಿದ್ದು ಹೆಸರಿನ ವಿಷಯ. "ನಮ್ಮವರಲ್ಲಿ ಒಂದೇ ವಾರ್ಡಿನಲ್ಲಿ ಇಬ್ಬರು ಫಾತಿಮಾ, ಮೂವರು ಮುಹಮ್ಮದ್ ಇರುವುದು ಮಾಮೂಲು ಉಸ್ತಾದ್. 'ನೀವು ಫಾತಿಮಾ ಅಲ್ಲವೇ?' ಎಂದು ಕೇಳಿದರೆ ಅರೆನಿದ್ದೆಯಲ್ಲಿರುವವರು ಯಾರಾದರೂ ಹೂಂ ಎನ್ನುತ್ತಾರೆ. 'ನಿಮ್ಮ ಹೆಸರೇನು?' ಎಂದೇ ಕೇಳಬೇಕು. ತಂದೆಯ ಹೆಸರೋ ವಯಸ್ಸೋ ಇನ್ನೊಂದು ಗುರುತು ಹೊಂದಿಸಿ ನೋಡಬೇಕು. ಚೀಟಿಯನ್ನು ಅವರ ಪಕ್ಕದಲ್ಲಿಯೇ ಅಂಟಿಸಬೇಕು." ರಕ್ತದ ಗುಂಪು ನೋಡಲು ತೆಗೆದ ನಳಿಕೆ ಅದಲುಬದಲಾದರೆ ತಪ್ಪು ಗುಂಪಿನ ರಕ್ತ ಏರಿಸಿ ಜೀವವೇ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ರಕ್ತ ತೆಗೆಯುವ ಕ್ರಮದ ಬಗ್ಗೆ ಒಂದು ಮಾರ್ಗಸೂಚಿಯನ್ನೇ ಪ್ರಕಟಿಸಿದೆಯಂತೆ. ಹದೀಸಿನ ಸನದಿನಲ್ಲಿ ಒಂದೇ ಹೆಸರಿನ ಇಬ್ಬರು ವರದಿಗಾರರನ್ನು ಬೇರ್ಪಡಿಸಲು ತಂದೆಯ ಹೆಸರು, ಊರು, ಕುಲ ಎಲ್ಲವನ್ನೂ ಹುಡುಕಿದ ಪರಂಪರೆಯಲ್ಲಿ ಓದಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೊನೆಗೆ ಅವನು ನನ್ನ ಕೈಯನ್ನೇ ಚಾಚಿಸಿ, ಮಡಿಕೆಯ ನಡುವಿನ ರಕ್ತನಾಳವನ್ನು ತೋರಿಸಿದ. ರಕ್ತ ತೆಗೆಯಲು ಮೊದಲ ಆಯ್ಕೆ ಇದೇ. ಹೆಬ್ಬೆರಳಿನ ಬದಿಯದು ಎರಡನೆಯದು. ಕಿರುಬೆರಳಿನ ಬದಿಯದಕ್ಕೆ ಕೊನೆಗೆ ಹೋಗಬೇಕು, ಏಕೆಂದರೆ ಅದರ ಸಮೀಪದಲ್ಲಿಯೇ ಧಮನಿಯೂ ನರವೂ ಇವೆ. ಇಂಗ್ಲಿಷಿನಲ್ಲಿ ಅವನ್ನು ಸೆಫಾಲಿಕ್, ಬೆಸಿಲಿಕ್ ಎನ್ನುತ್ತಾರೆಂದ. ಇಬ್ನ್ ಸೀನಾರ ವೈದ್ಯಗ್ರಂಥದಲ್ಲಿ ಅವು ಖೀಫಾಲ್ ಮತ್ತು ಬಾಸಿಲೀಖ್; ನಡುವಿನದು ಅಕ್‌ಹಲ್. ಆ ಪದ ಕೇಳಿದೊಡನೆ ನನಗೆ ನೆನಪಾದದ್ದು ಸಅದ್ ಬಿನ್ ಮುಆದ್(ರ). ಖಂದಕ್ ಯುದ್ಧದಲ್ಲಿ ಬಾಣ ತಾಗಿದ್ದು ಅವರ ಅಕ್‌ಹಲ್‌ಗೆ. ಪ್ರವಾದಿ(ಸ) ತಾವೇ ಆ ಗಾಯಕ್ಕೆ ಕಾಸಿ ರಕ್ತ ನಿಲ್ಲಿಸಲು ಯತ್ನಿಸಿದರು. ಅದು ಊದಿಕೊಂಡಿತು, ಮತ್ತೊಮ್ಮೆ ಕಾಸಿದರು. ಹತ್ತಿರದಿಂದ ವಿಚಾರಿಸಿಕೊಳ್ಳಲೆಂದು ಮಸೀದಿಯಲ್ಲಿಯೇ ಅವರಿಗೆ ಗುಡಾರ ಹಾಕಿಸಿದರು. ಇದನ್ನೂ ನಾನು ಪಾಠ ಮಾಡಿದವನೇ. ಅಕ್‌ಹಲ್ ಎಂದರೆ ಕೈಯ ಒಂದು ನಾಳ ಎಂದು ಅರ್ಥ ಹೇಳಿ ಮುಂದೆ ಸಾಗಿದ್ದೆ. ಅದು ನನ್ನ ಉಮ್ಮನ ಕೈಯಲ್ಲಿ ಎರಡು ಸಲ ಸೂಜಿ ತಪ್ಪಿಸಿಕೊಂಡ ನಾಳ ಎಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಶಿಷ್ಯ ಹೊರಡುವಾಗ ನಾನು ಲ್ಯಾಬಿನ ಹುಡುಗಿಯನ್ನು ಬಯ್ದ ಕಥೆಯನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಎರಡು ಸಲ ಸಿಗದಿದ್ದರೆ ಬೇರೆಯವರನ್ನು ಕರೆಯಬೇಕು ಎಂಬುದು ನಮ್ಮ ನಿಯಮ. ಅಲ್ಲಿ ಬೇರೆ ಯಾರಿದ್ದರು ಉಸ್ತಾದ್?"

ಯಾರೂ ಇರಲಿಲ್ಲ. ಬೆಳಗಿನಿಂದ ಅಷ್ಟು ಜನರಿಗೆ ಒಬ್ಬಳನ್ನೇ ಕೂರಿಸಿದ್ದು ಆ ಲ್ಯಾಬಿನ ಮಾಲೀಕರ ತಪ್ಪು ಎಂದು ಈಗಲೂ ಹೇಳುತ್ತೇನೆ. ಅವಸರದಲ್ಲಿ ಪಟ್ಟಿ ಬಿಡಿಸಲು ಮರೆತದ್ದು, ಮಾತ್ರೆಗಳ ಬಗ್ಗೆ ಕೇಳದೇ ಇದ್ದದ್ದು ಅವಳ ತಪ್ಪೂ ಹೌದು. ಆದರೆ ನೀರು ಕುಡಿಸದೆ ಕರೆದೊಯ್ದವನು, ಉಂಡದ್ದನ್ನು ಹೇಳದವನು, ಮಾತ್ರೆಯ ಚೀಟಿಯನ್ನು ಜೇಬಿನಲ್ಲಿಯೇ ಇಟ್ಟುಕೊಂಡವನು, ಮುಷ್ಟಿ ಬಿಗಿಹಿಡಿಸಿದವನು ನಾನು. ಮೂರನೆಯ ಬಾರಿ ಅವಳ ಕೈ ನಡುಗಿದ್ದಕ್ಕೂ ಕಾರಣ ನಾನೇ. ಪ್ರವಾದಿ(ಸ) ಅವರಿಗೆ ಹಿಜಾಮ ಮಾಡುತ್ತಿದ್ದ ಅಬೂ ತೈಬ ಎಂಬವರು ಒಬ್ಬ ಗುಲಾಮರಾಗಿದ್ದರು. ಅವರಿಗೆ ಕೂಲಿಯಾಗಿ ಧಾನ್ಯ ಅಳೆದು ಕೊಡಿಸಿದ್ದಲ್ಲದೆ, ಅವರ ಒಡೆಯರೊಡನೆ ಮಾತಾಡಿ ಅವರು ತೆರಬೇಕಾಗಿದ್ದ ಮೊತ್ತದ ಹೊರೆಯನ್ನೂ ಇಳಿಸಿದರು ಎಂಬ ವರದಿಯಿದೆ. ತಮ್ಮ ದೇಹದಿಂದ ರಕ್ತ ತೆಗೆದವನ ಮೇಲಿನ ಭಾರ ಎಷ್ಟೆಂದು ಅವರು ವಿಚಾರಿಸಿದರು. ನಾನು ವಿಚಾರಿಸಿದ್ದು ಅವಳಿಗೆ ಕೆಲಸ ಬರುತ್ತದೆಯೇ ಎಂದು.

ಶನಿವಾರ ಲ್ಯಾಬಿಗೆ ಹೋದೆ. ಕಾಲು ಭಾರವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಟೋಕನ್‌ಗಳು ಮುಗಿಯುವವರೆಗೆ ಹೊರಗಿನ ಬೆಂಚಿನಲ್ಲಿ ಕುಳಿತೆ. ಅವಳು ಹೊರಗೆ ಬಂದಾಗ ನನ್ನನ್ನು ಕಂಡು ಗೋಡೆಯ ಬದಿಗೆ ಸರಿದಳು. ಮತ್ತೆ ಬಯ್ಯಲು ಬಂದೆನೆಂದು ತಿಳಿದಿರಬೇಕು. ಜನರ ಎದುರಿನಲ್ಲಿ ಆಡಿದ ಮಾತನ್ನು ಜನರ ಎದುರಿನಲ್ಲಿಯೇ ಹಿಂತೆಗೆದುಕೊಳ್ಳಬೇಕಿತ್ತು. ಅಲ್ಲಿ ಆಗ ಇದ್ದುದು ಕ್ಯಾಶ್ ಕೌಂಟರಿನ ಹುಡುಗ ಮತ್ತು ವರದಿಗೆ ಕಾಯುತ್ತಿದ್ದ ಇಬ್ಬರು. ಅವರಿಗೆ ಕೇಳಿಸುವಂತೆಯೇ, "ಅವತ್ತು ನಾನು ಆಡಿದ ಮಾತು ತಪ್ಪು, ನನ್ನನ್ನು ಕ್ಷಮಿಸಬೇಕು" ಎಂದೆ.

ಅವಳು ಮೊದಲು ಕೇಳಿದ್ದು, "ಅಮ್ಮನ ಪೊಟ್ಯಾಸಿಯಂ ಏನಾಯಿತು ಸರ್?" ಎಂದು. ಹೇಳಿದೆ. ಅವಳು ಕಣ್ಣೊರೆಸಿಕೊಂಡಳು. ಆ ಅಂಕಿಯನ್ನು ಕಂಡ ಸಂಜೆಯಿಂದ ತನಗೆ ನಿದ್ದೆ ಬಂದಿರಲಿಲ್ಲ ಎಂದಳು. "ನೀರು ಕುಡಿದಿದ್ದೀರಾ ಎಂದು ನಾನು ಕೇಳಬೇಕಿತ್ತು. ಬೆಳಿಗ್ಗೆ ಬರುವವರು ಹೆಚ್ಚಿನವರು ನೀರನ್ನೂ ಬಿಟ್ಟು ಬರುತ್ತಾರೆ ಸರ್. ನಾವು ಉಪವಾಸ ಎನ್ನುತ್ತೇವಲ್ಲ, ಅದಕ್ಕೇ." ಆ ದಿನ ಆರು ಗಂಟೆಗೆ ಬಂದವಳು ಹತ್ತೂವರೆಯ ತನಕ ಒಂದು ಲೋಟ ಚಹಾ ಕುಡಿದಿರಲಿಲ್ಲವಂತೆ.

ಕೌಂಟರಿನ ಹುಡುಗನಿಂದ ಒಂದು ಬಿಳಿ ಹಾಳೆ ಕೇಳಿ ಪಡೆದು, ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ: 'ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರೆ ರಾತ್ರಿಯ ಊಟದ ನಂತರ ಎಂಟು ಗಂಟೆ ಏನನ್ನೂ ತಿನ್ನಬಾರದು, ಚಹಾ ಕುಡಿಯಬಾರದು. ಬರೀ ನೀರು ಕುಡಿಯಬಹುದು. ರೋಝಾ ಇದ್ದರೆ ಮೊದಲೇ ತಿಳಿಸಿ.' ನನ್ನ ಅಕ್ಷರ ದುಂಡಗಿದೆ ಎಂದು ಮಕ್ಕಳು ಹೇಳುತ್ತಾರೆ. ಅವಳು ಅದನ್ನು ಟೋಕನ್ ಕೊಡುವ ಕಿಟಕಿಯ ಗಾಜಿಗೆ ಅಂಟಿಸಿದಳು. ಮಾಲೀಕರು ಅದನ್ನು ಇನ್ನೂ ತೆಗೆಸಿಲ್ಲ.

ಮೂರು ತಿಂಗಳ ಬಳಿಕ ಮತ್ತೆ ಹೋದೆವು, ಅದೇ ಲ್ಯಾಬಿಗೆ. ಬೇರೆ ಕಡೆ ಹೋಗೋಣವೇ ಎಂದು ನಾನು ಕೇಳಿದ್ದಕ್ಕೆ ಉಮ್ಮ, "ಆ ಹುಡುಗಿಗೆ ನನ್ನ ಕೈ ಈಗ ಗೊತ್ತಿದೆಯಲ್ಲ" ಎಂದರು. ಸುಬ್‌ಹಿಯ ನಂತರ ಎರಡು ಲೋಟ ನೀರು ಕುಡಿದಿದ್ದರು. ತೋಳು ಸಡಿಲವಿರುವ ಹಳೆಯ ಬುರ್ಖಾ ತೊಟ್ಟಿದ್ದರು. ಕುರ್ಚಿಯಲ್ಲಿ ಕುಳಿತವರೇ, ಯಾರೂ ಕೇಳುವ ಮೊದಲೇ ಪಾಠ ಒಪ್ಪಿಸುವಂತೆ ಶುರುಮಾಡಿದರು. ತನ್ನ ಹೆಸರು, ತಂದೆಯ ಹೆಸರು, ಮನೆಯ ಹೆಸರು. "ಇವತ್ತು ಉಪವಾಸ ಇಲ್ಲ ಮಗಳೇ, ಆದರೆ ಏನೂ ತಿಂದಿಲ್ಲ. ನೀರು ಕುಡಿದಿದ್ದೇನೆ. ರಕ್ತ ತೆಳುವಾಗುವ ಮಾತ್ರೆ ಇದೆ, ಜಾಸ್ತಿ ಹೊತ್ತು ಒತ್ತಿ ಹಿಡಿಯಬೇಕು. ಎಡಗೈಯಲ್ಲಿ ಸಿಗುತ್ತದೆ."

ಹುಡುಗಿ ನಗುತ್ತಾ ಪಟ್ಟಿ ಕೈಗೆತ್ತಿಕೊಂಡಳು. ಉಮ್ಮ ನನ್ನ ಕಡೆ ತಿರುಗಿ, "ನೀನು ಹೊರಗೆ ಕೂತಿರು ಮೋನೇ" ಎಂದರು.